ಎಡಗಡೆ ಸೀಟಿನ ಸದ್ದು

ಕಾರುಗಳು ಗದ್ದಲ ಮಾಡುವುದನ್ನು ಬಿಟ್ಟು ಆಗಲೇ ಕೆಲವು ವರ್ಷಗಳಾಗಿದ್ದವು. ಡೀಸೆಲ್ ಹೋಯಿತು, ಬ್ಯಾಟರಿ ಬಂತು, ಎಂಜಿನ್ನಿನ ಗುಡುಗು ನಿಂತಿತು. ಆದರೆ ಜನ ಅಂದುಕೊಂಡ ಹಾಗೆ ನೆಮ್ಮದಿ ಸಿಗಲಿಲ್ಲ. ಇಷ್ಟು ದಿನ ಎಂಜಿನ್ನಿನ ಮರೆಯಲ್ಲಿ ಅಡಗಿದ್ದ ಚಿಲ್ಲರೆ ಸದ್ದುಗಳೆಲ್ಲ ಈಗ ಒಂದೊಂದಾಗಿ ಹೊರಗೆ ಬಂದವು. ಬಾಗಿಲು ಕಿರುಗುಟ್ಟಿತು, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಗುನುಗಿತು, ಸೀಟಿನ ಕೆಳಗೆ ಎಲ್ಲಿಯೋ ಒಂದು ತಂತಿ ಕುಣಿಯಿತು. ಹೊಸ ಗಾಡಿ ಕೊಂಡವರು ವಾರಕ್ಕೊಮ್ಮೆ ಶೋರೂಮಿಗೆ ಹೋಗಿ ಜಗಳವಾಡತೊಡಗಿದರು.

ಅದಕ್ಕೆ ಕಂಪನಿಗಳು ಹುಡುಕಿದ ಮದ್ದಿನ ಹೆಸರು ನೀರವ. ಗಾಡಿಯ ಚಾವಣಿಯಲ್ಲಿ, ಬಾಗಿಲಿನಲ್ಲಿ, ಪ್ರತಿ ಸೀಟಿನ ತಲೆಯ ಹತ್ತಿರ ಸಾಸಿವೆ ಕಾಳಿನಷ್ಟು ಸಣ್ಣ ಮೈಕುಗಳು, ಅವುಗಳ ಪಕ್ಕದಲ್ಲಿ ಅಷ್ಟೇ ಸಣ್ಣ ಸ್ಪೀಕರುಗಳು. ಒಂದು ಸದ್ದು ಮತ್ತೆ ಮತ್ತೆ ಕೇಳಿಸಿದರೆ ನೀರವ ಅದನ್ನು ಕಲಿಯುತ್ತದೆ. ಅದು ಯಾವಾಗ ಬರುತ್ತದೆಂದು ಮೊದಲೇ ಊಹಿಸಿ, ಸರಿಯಾಗಿ ಅದೇ ಗಳಿಗೆಗೆ ಅದರ ವಿರುದ್ಧದ ಸದ್ದನ್ನು ಬಿಡುತ್ತದೆ. ಎರಡೂ ಸೇರಿ ಸೊನ್ನೆಯಾಗುತ್ತವೆ. ಒಳಗೆ ಕೂತವರಿಗೆ ಮಾತು, ಹಾರ್ನು, ಆಂಬುಲೆನ್ಸಿನ ಕೂಗು ಬಿಟ್ಟರೆ ಬೇರೇನೂ ಕೇಳಿಸುವುದಿಲ್ಲ.

ಹಾವೇರಿಯ ಪಶುವೈದ್ಯ ಡಾಕ್ಟರ್ ರುದ್ರಮುನಿ ಕಬ್ಬೂರ ಅಂಥದೊಂದು ದೊಡ್ಡ ಗಾಡಿ ಕೊಂಡಿದ್ದ. ಹಳ್ಳಿಯ ರಸ್ತೆಗೆ ಎತ್ತರದ ಎಸ್‌ಯುವಿಯೇ ಬೇಕು ಎನ್ನುವುದು ಒಂದು ಕಾರಣ. ಇನ್ನೊಂದು, ಅವನ ಹೆಂಡತಿ ಕಸ್ತೂರಿ. ಅವಳು ಗುತ್ತಲದ ಕಡೆ ಹೋಗುವ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ದಿನವಿಡೀ ಕಿಟಕಿಗಳ ಗಡಗಡದಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡು ಬರುವವಳು ರಜೆಯ ದಿನವಾದರೂ ಸುಮ್ಮನೆ ಕೂತು ಹೋಗಲಿ ಎಂದು ಅವನು ನೀರವ ಇರುವ ಗಾಡಿಯನ್ನೇ ಆರಿಸಿದ್ದ.

ಹಿಂದಿನ ದೀಪಾವಳಿ ಮುಗಿದ ಮರುವಾರ, ಡ್ಯೂಟಿ ಮುಗಿಸಿ ಡಿಪೋದಲ್ಲಿ ಚಹಾ ಕುಡಿಯುತ್ತ ಕೂತಿದ್ದ ಕಸ್ತೂರಿಯ ತಲೆಯೊಳಗೆ ಒಂದು ರಕ್ತನಾಳ ಒಡೆಯಿತು. ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ರುದ್ರಮುನಿ ಅಳಲಿಲ್ಲ. ಮಣ್ಣಿಗೆ ಬಂದವರು ಗಟ್ಟಿ ಮನುಷ್ಯ ಅಂದರು. ಗಟ್ಟಿತನವೇನೂ ಇರಲಿಲ್ಲ. ಹಲ್ಲು ಕೀಳುವ ಮುಂಚೆ ದವಡೆಗೆ ಇಂಜೆಕ್ಷನ್ ಕೊಟ್ಟಾಗ ಆಗುತ್ತದಲ್ಲ, ಮುಟ್ಟಿಕೊಂಡರೆ ತನ್ನದೇ ತುಟಿ ಯಾರದೋ ಎನ್ನಿಸುವ ಹಾಗೆ, ಇಡೀ ಮೈ ಹಾಗಾಗಿತ್ತು. ಇಂಜೆಕ್ಷನ್ನಿನ ಅಮಲು ಇಳಿಯುತ್ತದೆ, ಇದು ಇಳಿಯಲಿಲ್ಲ. ಅವನು ಮರುವಾರವೇ ಕೆಲಸಕ್ಕೆ ಹೋದ. ಎಮ್ಮೆಗಳ ಹೊಟ್ಟೆಯಲ್ಲಿ ತುಂಬಿದ ಗಾಳಿ ಇಳಿಸಿದ, ಆಕಳುಗಳ ಹೆರಿಗೆ ಮಾಡಿಸಿದ. ಮನೆಯಲ್ಲಿ ಕಸ್ತೂರಿಯ ತಾಯಿ ನೀಲವ್ವ ಇದ್ದಳು. ಪಿಯುಸಿ ಓದುವ ಮಗಳು ಮಂದಾಕಿನಿ ಇದ್ದಳು. ಮೂವರೂ ಒಂದೇ ಹೊತ್ತಿಗೆ ಊಟಕ್ಕೆ ಕೂತು, ಒಬ್ಬರಿಗೊಬ್ಬರು ರೊಟ್ಟಿ ಸರಿಸಿ, ಎದ್ದು ಹೋಗುತ್ತಿದ್ದರು.

ಸದ್ದು ಮೊದಲು ಬಂದದ್ದು ಬೇಸಗೆ ಶುರುವಾಗುವ ಹೊತ್ತಿಗೆ. ಹಿಂದಿನ ಡಿಕ್ಕಿಯಲ್ಲಿ ಹಿಂಡಿ ಚೀಲಗಳು ತುಂಬಿದ್ದರಿಂದ ರುದ್ರಮುನಿ ಔಷಧಿಯ ದೊಡ್ಡ ಪೆಟ್ಟಿಗೆಯನ್ನು ನಡುಸಾಲಿನ ಎಡಗಡೆ ಸೀಟಿನ ಮೇಲೆ ಇಟ್ಟಿದ್ದ. ಮೋಟೆಬೆನ್ನೂರಿನ ಕ್ರಾಸಿನಲ್ಲಿ ಗಾಡಿ ನಿಲ್ಲಿಸಿದಾಗ ಹಿಂದೆ ಎಲ್ಲಿಯೋ ಟಕ್ ಅಂದಿತು. ಹೊರಟಾಗ ಟಕ್ ಟಕ್ ಅಂದಿತು. ಬಾಟಲಿಗಳು ಎಂದುಕೊಂಡ. ಮರುದಿನ ಬಾಟಲಿಗಳ ನಡುವೆ ಹತ್ತಿ ತುರುಕಿದ. ಸದ್ದು ಹೋಗಲಿಲ್ಲ. ಪೆಟ್ಟಿಗೆಯನ್ನು ಡಿಕ್ಕಿಗೆ ಒಯ್ದು ಹಾಕಿದ ಮೇಲೆ ಹೋಯಿತು. ಅಲ್ಲಿಗೆ ಅವನು ಅದನ್ನು ಮರೆತ.

ನೀಲವ್ವ ಯಾವಾಗಲೂ ಬಲಗಡೆ, ಅಳಿಯನ ಬೆನ್ನ ಹಿಂದೆ ಕೂರುತ್ತಿದ್ದಳು. ಎಡಗಡೆಯದು ಕಸ್ತೂರಿಯ ಜಾಗ. ಬಸ್ಸಿನಲ್ಲಿ ಕಂಡಕ್ಟರ್ ನಿಲ್ಲುವ ಬದಿ ಅದೇ ಎಂದು ಅವಳು ಮುಂದಿನ ಸೀಟನ್ನು ಮಗಳಿಗೆ ಬಿಟ್ಟು ಅಲ್ಲಿ ಕೂರುತ್ತಿದ್ದಳು. ಅವಳು ಹೋದ ಮೇಲೆ ಯಾರೂ ಅಲ್ಲಿ ಕೂತಿರಲಿಲ್ಲ. ಹೀಗೆಂದು ಯಾರೂ ಮಾತಾಡಿಕೊಂಡೂ ಇರಲಿಲ್ಲ. ಒಂದು ದಿನ ಮಂಡಿ ತೋರಿಸಲು ಆಸ್ಪತ್ರೆಗೆ ಹೋಗುವಾಗ ಗಾಡಿ ಕಾಂಪೌಂಡಿನ ಗೋಡೆಗೆ ಒತ್ತಿ ನಿಂತಿತ್ತು. ಬಲಗಡೆ ಬಾಗಿಲು ತೆರೆಯಲು ಜಾಗವಿಲ್ಲದೆ ನೀಲವ್ವ ಎಡಗಡೆ ಹತ್ತಿ ಅಲ್ಲೇ ಕೂತಳು.

ಗಾಡಿ ಹೊರಟಿತು. ಟಕ್ ಟಕ್.

ಬಸ್ ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ನಿಂತಿತು. ಟಕ್.

ನೀಲವ್ವ ದಾರಿಯುದ್ದಕ್ಕೂ ಬಾಗಿಲಿನ ಕಡೆಗೇ ಕಿವಿಯಿಟ್ಟು ಕೂತಿದ್ದಳು. ಮನೆಗೆ ಬಂದು ಇಳಿದ ಮೇಲೆ ಬಾಗಿಲು ಹಿಡಿದುಕೊಂಡೇ ನಿಂತಳು.

“ಅಳಿಯಂದ್ರ, ಅದು ಕಸ್ತೂರಿ.”

“ಯಾವುದ್ರಿ ಅತ್ತಿ?”

“ಆ ಬಡಿಯೂದು. ನಿಂತ್ರ ಒಂದು, ಬಿಟ್ರ ಎರಡು. ಬಸ್ಸಿನ್ಯಾಗ ಕೊಳ್ಳಾಗ ಸೀಟಿ ಇದ್ರೂ ಆಕಿ ಬಾಗಿಲಾ ಕೈಲೇನ ಬಡೀತಿದ್ಲು. ನನ್ನ ಮಗಳ ಕೈ ನನಗ ಗೊತ್ತಾಗಂಗಿಲ್ಲೇನು?”

“ಪ್ಲಾಸ್ಟಿಕ್ ಸಡಿಲ ಆಗಿರತೈತಿ. ದಾದಾಪೀರನ ಕಡೆ ತೋರಸ್ತೀನಿ,” ಎಂದ ರುದ್ರಮುನಿ. ಅವನ ದನಿಯಲ್ಲಿ ಬೇಸರವಿರಲಿಲ್ಲ, ಗಾಬರಿಯೂ ಇರಲಿಲ್ಲ. ಕುಂಟುವ ದನವನ್ನು ನಾಳೆ ನೋಡೋಣ ಎನ್ನುವಾಗ ಇರುವಂಥದೇ ದನಿ.

ಆ ಸಂಜೆ ಅವನು ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಂಡು ಗಾಡಿಯೊಳಗೆ ಹೊಕ್ಕ. ಬಾಗಿಲಿನ ಪ್ಯಾನೆಲ್ಲಿನ ಮೇಲೆ, ಸೀಟಿನ ಕಂಬದ ಮೇಲೆ, ಚಾವಣಿಯ ಬಟ್ಟೆಯ ಮೇಲೆ ಒಂದೊಂದು ಕಡೆ ಇಟ್ಟು ಇನ್ನೊಂದು ಕೈಯಿಂದ ತಟ್ಟಿ ನೋಡಿದ. ಗಬ್ಬದ ಆಕಳಿನ ಹೊಟ್ಟೆಯ ಮೇಲೆ ಕಿವಿಯಿಟ್ಟರೆ ಎರಡು ಎದೆಬಡಿತ ಕೇಳುತ್ತಿದ್ದವು. ಇಲ್ಲಿ ಒಂದೂ ಇರಲಿಲ್ಲ. ಮಹಡಿಯ ಕಿಟಕಿಯಿಂದ ಮಂದಾಕಿನಿ ನೋಡುತ್ತಿದ್ದಳು. ಅವನು ತಲೆಯೆತ್ತಿದಾಗ ಒಳಗೆ ಸರಿದಳು.

ಮೆಕ್ಯಾನಿಕ್ ದಾದಾಪೀರ ಬಾಗಿಲಿನ ಪ್ಯಾನೆಲ್ ಬಿಚ್ಚಿ, ಕ್ಲಿಪ್ಪುಗಳನ್ನೆಲ್ಲ ಹೊಸದು ಹಾಕಿ, ಉಜ್ಜುವ ಕಡೆಗೆಲ್ಲ ಫೆಲ್ಟ್ ಬಟ್ಟೆ ಅಂಟಿಸಿದ. ಆಮೇಲೆ ತಾನೇ ಎಡಗಡೆ ಸೀಟಿನಲ್ಲಿ ಕೂತು, “ನಡೀರಿ ಡಾಕ್ಟ್ರ,” ಅಂದ. ಟಕ್ ಟಕ್. ಸೀಟಿನ ಕೆಳಗೆ ಕೈ ಹಾಕಿ ಹಿಡಿದುಕೊಂಡ. ಟಕ್. ಚಾವಣಿಗೆ ಅಂಗೈ ಒತ್ತಿ ಕೂತ. ಟಕ್ ಟಕ್.

“ಏನೂ ತಿಳೀವಲ್ದರಿ. ಎಲ್ಲಾ ಬಿಗಿ ಮಾಡೀನಿ. ಸಡಿಲ ಆಗಿದ್ದಾದ್ರ ತಗ್ಗಿನ್ಯಾಗ ಹಾರಿದಾಗ ಬಡೀಬೇಕು. ಇದು ನಿಂತಾಗ ಬಿಟ್ಟಾಗ ಅಷ್ಟ ಬಡೀತೈತಿ.” ಸ್ವಲ್ಪ ಯೋಚಿಸಿ ಅವನು ಮುಂದಕ್ಕೆ ಬಗ್ಗಿ ಪರದೆಯ ಮೇಲಿನ ನೀರವದ ಗುಂಡಿ ಒತ್ತಿದ.

ಒಮ್ಮೆಲೇ ಗಾಡಿಯೊಳಗೆ ಊರು ನುಗ್ಗಿತು. ಟೈರು ಟಾರಿನ ಮೇಲೆ ಉಜ್ಜುವ ಮೊರೆತ, ಗಾಳಿ, ಪಕ್ಕದಲ್ಲಿ ಹೋದ ಟ್ರ್ಯಾಕ್ಟರಿನ ಟ್ರೇಲರು, ಒಳಗಿನ ನೂರೆಂಟು ಕಿರಿಕಿರಿ. ಗಾಡಿ ಒಮ್ಮೆ ನಿಲ್ಲಿಸಿ ಬಿಟ್ಟು ನೋಡಿದರೂ ಟಕ್ ಟಕ್ ಮಾತ್ರ ಇರಲಿಲ್ಲ.

“ನೋಡ್ರಿ! ಬಂದ್ ಆತು. ಹಂಗಾರ ಇದು ನನ್ನ ಕೆಲಸ ಅಲ್ರಿ, ಕಂಪನಿಯವರದು.”

“ಮತ್ತ ಹಚ್ಚು,” ಎಂದ ರುದ್ರಮುನಿ. “ಲಗೂನ ಹಚ್ಚು.” ಆ ಗದ್ದಲ ಅವನಿಗೆ ಒಂದು ಫರ್ಲಾಂಗು ಕೂಡ ತಡೆಯಲಾಗಲಿಲ್ಲ. ನೀರವ ಮತ್ತೆ ಚಾಲೂ ಆಗಿ ಗದ್ದಲ ಮುಚ್ಚಿಹೋದಾಗ ಅವನ ಭುಜಗಳು ಇಳಿದವು. ಇತ್ತೀಚೆಗೆ ಅವನಿಗೆ ಸರಿಹೊಂದುತ್ತಿದ್ದ ಜಾಗ ಆ ಗಾಡಿಯ ಒಳಗೊಂದೇ.

ಕಂಪನಿಯ ಧ್ವನಿ ಪರೀಕ್ಷಾ ಕೇಂದ್ರ ಧಾರವಾಡದ ಕೈಗಾರಿಕಾ ಪ್ರದೇಶದಲ್ಲಿತ್ತು. ಅಲ್ಲಿನ ಎಂಜಿನಿಯರ್ ಜೀನತ್ ಮುಲ್ಲಾ ಎಂಬ ಹೆಣ್ಣುಮಗಳು ಗಾಡಿಯನ್ನು ಒಂದು ದೊಡ್ಡ ಕೋಣೆಯೊಳಗೆ ನಿಲ್ಲಿಸಿಕೊಂಡಳು. ಆ ಕೋಣೆಯ ಗೋಡೆ, ಮಾಡು, ನೆಲದ ಅಂಚು ಎಲ್ಲ ಕಡೆಯಿಂದಲೂ ಬೂದು ಬಣ್ಣದ ಸ್ಪಂಜಿನ ಮೊಳೆಗಳು ಒಳಕ್ಕೆ ಚಾಚಿದ್ದವು. ಗಾಡಿಯ ಚಕ್ರಗಳು ಉರುಳೆಗಳ ಮೇಲೆ ನಿಂತಿದ್ದವು. ಬಾಗಿಲು ಹಾಕಿದ ಮೇಲೆ ರುದ್ರಮುನಿಗೆ ತನ್ನ ರಕ್ತ ಓಡುವುದು ಕೇಳಿಸಿತು.

ಜೀನತ್ ಎಡಗಡೆ ಸೀಟಿನ ಮೇಲೆ ಕುಡಿಯುವ ನೀರಿನ ತುಂಬಿದ ಕ್ಯಾನು ಇಟ್ಟು ಬೆಲ್ಟು ಹಾಕಿದಳು. ಹೊರಗಿನ ಗಾಜಿನ ಮರೆಯಿಂದ ಚಕ್ರಗಳನ್ನು ತಿರುಗಿಸಿದಳು, ನಿಲ್ಲಿಸಿದಳು, ತಿರುಗಿಸಿದಳು. ಪರದೆಯ ಮೇಲೆ ಪ್ರತಿ ಸಲವೂ ಒಂದೇ ಆಕಾರದ ಗೆರೆ ಎದ್ದಿತು. ಕ್ಯಾನು ತೆಗೆದಾಗ ಏಳಲಿಲ್ಲ.

“ಡಾಕ್ಟ್ರ, ಆ ಸೀಟಿನ್ಯಾಗ ಯಾರು ಕುಂದ್ರತಿದ್ರು?”

“ನನ್ನ ಹೆಂಡತಿ.”

“ಅವರಿಗೆ ಬಾಗಿಲಾ ಬಡಿಯೂ ರೂಢಿ ಇತ್ತೇನ್ರಿ?”

ರುದ್ರಮುನಿ ಹೇಳಿದ. ಗಾಡಿ ಹೊಸದಿದ್ದಾಗ ಅವಳು ಕೂತ ಕೂಡಲೇ ಬಾಗಿಲಿಗೆ ಎರಡು ಸಲ ಬಡಿದು ರೈಟ್ ಅನ್ನುತ್ತಿದ್ದದ್ದು, ಅವ್ವಾ ಇದು ಬಸ್ಸಲ್ಲ ಎಂದು ಮಗಳು ನಗುತ್ತಿದ್ದದ್ದು. ಸ್ವಲ್ಪ ದಿನದಲ್ಲೇ ಅವಳು ರೈಟ್ ಅನ್ನುವುದನ್ನೂ ಬಡಿಯುವುದನ್ನೂ ಬಿಟ್ಟುಬಿಟ್ಟಿದ್ದಳು.

ಜೀನತ್ ತಲೆ ಅಲ್ಲಾಡಿಸಿದಳು. “ಬಡಿಯೂದು ಬಿಟ್ಟಿರಲಿಲ್ರಿ. ನೀರವ ಅದನ್ನ ಗಾಡಿಯ ಖಡಖಡ ಅಂತ ತಿಳಕೊಂಡು ಕಲ್ತೈತಿ. ಕಲ್ತ ಮ್ಯಾಲ ನಿಮಗ ಕೇಳಸಿಲ್ಲ. ಅವರು ಮಾತ್ರ ಬಡ್ಕೋತನ ಇದ್ರು. ಕಡೀ ಸಲ ಕುಂತಾಗನೂ ಬಡದಾರ. ಬಿಟ್ಟಿದ್ರ ಇದು ಎಂದೋ ಅಳಿಸಿ ಹೋಗಿರತಿತ್ತು.”

ಅವಳು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದಳು. ಸದ್ದು ಅಂದರೆ ಗಾಳಿಯಲ್ಲಿ ಏಳುವ ದಿಬ್ಬ ಮತ್ತು ತಗ್ಗು. ನೀರವ ದಿಬ್ಬವಿದ್ದ ಕಡೆ ತಗ್ಗು ತೋಡುತ್ತದೆ, ತಗ್ಗಿದ್ದ ಕಡೆ ಮಣ್ಣು ಸುರಿಯುತ್ತದೆ. ನೆಲ ಸಮವಾಗುತ್ತದೆ. ಈಗ ಕಸ್ತೂರಿಯ ಕೈ ಇಲ್ಲ. ಆದರೆ ಆ ಸೀಟಿನಲ್ಲಿ ಭಾರ ಕಂಡರೆ ಸಾಕು, ಅವಳು ಬಂದಳೆಂದುಕೊಂಡು ನೀರವ ಮಣ್ಣು ಸುರಿಯುತ್ತಲೇ ಇದೆ. ಬರೀ ಆ ಮಣ್ಣೇ ಒಂದು ಸದ್ದಾಗಿ ಕೇಳುತ್ತದೆ. ತಿರುವುಮುರುವಾದ ಸದ್ದೂ ಮನುಷ್ಯರ ಕಿವಿಗೆ ಅದೇ ಸದ್ದು.

“ಇದು ಅವರ ಸದ್ದಲ್ರಿ,” ಎಂದಳು ಜೀನತ್. “ಅವರ ಸದ್ದು ಅಳಸಾಕಂತ ಗಾಡಿ ಮಾಡಿಟ್ಟುಕೊಂಡದ್ದು.”

“ಹಿಂಗ ಇರತೈತೇನು ಇದು?”

“ಇಲ್ರಿ. ತಪ್ಪಿದ್ದು ಅದಕ್ಕ ಗೊತ್ತಾಗತೈತಿ. ಸದ್ದು ಇಲ್ಲದ ಕಡೆ ಸದ್ದು ಬಿಟ್ಟೆ ಅಂತ ಪ್ರತೀ ಸಲ ಒಂಚೂರು ಕಡಿಮಿ ಮಾಡ್ಕೋತೈತಿ. ಆ ಸೀಟು ಖಾಲಿ ಇದ್ದದ್ದಕ್ಕ ಇಷ್ಟು ದಿನ ಹಂಗ ಉಳದೈತಿ. ಇನ್ನ ಯಾರರ ಕುಂತಷ್ಟೂ ಸಣ್ಣ ಆಗ್ಕೋತ ಹೋಗತೈತಿ.”

“ಈಗ ತಗದು ಹಾಕಾಕ ಬರತೈತೇನು?”

“ಬರತೈತ್ರಿ. ಒಂದು ಗುಂಡಿ ಒತ್ತಿದ್ರ ಆತು.”

“ಹಂಗಾರ ತಗದುಬಿಡ್ರಿ.”

ಜೀನತ್ ಅವನ ಮುಖ ನೋಡಿದಳು. ಅಲ್ಲಿ ಏನಾದರೂ ಕಾಣುತ್ತದೇನೋ ಎಂದು ಹುಡುಕುವವಳ ಹಾಗೆ ಕೊಂಚ ಹೊತ್ತು ನೋಡಿದಳು. ಆಮೇಲೆ ಗಾಡಿಯ ಕೀ ಅವನ ಕೈಗಿಟ್ಟಳು. “ಮನ್ಯಾಗ ಒಂದು ಮಾತು ಕೇಳ್ಕೊಂಡು ಬರ್ರಿ. ಅಳಸೂದು ಎಂದಾದ್ರೂ ಅಳಸಬಹುದು.”

ಮನೆಯಲ್ಲಿ ಅವನು ಊಟದ ಹೊತ್ತಿಗೆ ಹೇಳಿದ. ದಿಬ್ಬ, ತಗ್ಗು, ಮಣ್ಣು ಎಲ್ಲವನ್ನೂ ಜೀನತ್ ಹೇಳಿದ ಹಾಗೆಯೇ ಹೇಳಿದ. ನೀಲವ್ವನಿಗೆ ತಿಳಿದದ್ದು ಒಂದೇ: ಮಗಳು ಕಡೆಯವರೆಗೂ ಬಡಿಯುತ್ತಲೇ ಇದ್ದಳು, ಯಾರಿಗೂ ಕೇಳಿಸಲಿಲ್ಲ.

“ಆಕಿ ನನ್ನ ಮುಂದ ಒಮ್ಮೆ ಅಂದಿದ್ಲು. ಈ ಗಾಡ್ಯಾಗ ಕುಂತ್ರ ನಾ ಇಲ್ಲೇ ಇಲ್ಲ ಅನ್ನಸ್ತೈತಿ ಯವ್ವಾ ಅಂತ. ನಾ ನಕ್ಕಿದ್ದೆ,” ಅಂದಳು ಮುದುಕಿ.

“ಅದನ್ನ ಅಳಸಬ್ಯಾಡಪ್ಪ,” ಎಂದಳು ಮಂದಾಕಿನಿ. ಎಷ್ಟೋ ದಿನಗಳ ಮೇಲೆ ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದು. “ಯಾರೂ ಅಲ್ಲಿ ಕುಂದ್ರಬ್ಯಾಡ್ರಿ. ಏನೂ ಇಡಬ್ಯಾಡ್ರಿ. ಇದ್ದಷ್ಟು ಇರ್ಲಿ.”

“ಕುಂದ್ರದಿದ್ರ ಕೇಳೂದು ಹೆಂಗವ್ವಾ?”

“ಕೇಳಿದ್ರ ಮುಗದು ಹೋಗತೈತಲ್ಲ ಅಜ್ಜಿ!”

ಮಂದಾಕಿನಿ ಮರುದಿನ ಒಂದೇ ಒಂದು ಸಲ ಆ ಸೀಟಿನಲ್ಲಿ ಕೂತು ಅಪ್ಪನಿಂದ ಮನೆಯ ಸುತ್ತ ಒಂದು ಸುತ್ತು ಹಾಕಿಸಿ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡಳು. ಕೋಣೆಯಲ್ಲಿ ಹಾಕಿ ಕೇಳಿದರೆ ಅದು ಬರೀ ಟಕ್ ಟಕ್. ಯಾರು ಬೇಕಾದರೂ ಮೇಜಿಗೆ ಬಡಿದದ್ದು ಆಗಿರಬಹುದಿತ್ತು. ಗಾಡಿ ನಿಂತದ್ದು ಹೊರಟದ್ದು ಅದಕ್ಕೆ ಗೊತ್ತಿರಲಿಲ್ಲ. ಆಮೇಲೆ ಅವಳು ಅದನ್ನು ಹಾಕಲಿಲ್ಲ.

ಹೀಗೆ ಆ ಸೀಟು ಖಾಲಿ ಉಳಿಯಿತು. ರುದ್ರಮುನಿ ಮೊದಲಿನಂತೆಯೇ ಕೆಲಸಕ್ಕೆ ಹೋದ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಲೇಜಿಗೆ ಬಿಟ್ಟ. ಅವಳು ಕಿಟಕಿಗೆ ಹಣೆ ತಾಗಿಸಿ ಹೊರಗೆ ನೋಡುತ್ತಿರುವಳು, ಅವನು ರಸ್ತೆ ನೋಡುತ್ತಿರುವನು. ಸಂತೆಯ ದಿನ ನೀಲವ್ವ ಮಾತ್ರ, ಮೊಮ್ಮಗಳು ಕಾಲೇಜಿನಲ್ಲಿದ್ದಾಗ, ಅಳಿಯನಿಗೆ ಗಾಡಿ ತೆಗೆಯಲು ಹೇಳುತ್ತಿದ್ದಳು. ಎಡಗಡೆ ಹತ್ತಿ ಕೂತು ಕೈಯನ್ನು ಬಾಗಿಲಿನ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅವನು ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಮುದುಕಿ ಹೇಳಿದಲ್ಲಿ ನಿಲ್ಲಿಸಿದ, ಹೇಳಿದಾಗ ಹೊರಟ. ಸದ್ದು ವಾರದಿಂದ ವಾರಕ್ಕೆ ತೆಳುವಾಗುತ್ತಿದ್ದುದು ಅವನಿಗೆ ತಿಳಿಯುತ್ತಿತ್ತು. ಮುದಿ ಎತ್ತಿನ ನಾಡಿ ಹಿಡಿದವನಿಗೆ ತಿಳಿಯುವಂತೆ ತಿಳಿಯುತ್ತಿತ್ತು, ಅಷ್ಟೇ.

ಒಂದು ದಿನ ಎಡಗಡೆ ಸೀಟಿನ ಸಂದಿಯಲ್ಲಿ ಅಜ್ಜಿಯ ಎಲೆಯಡಿಕೆಯ ಚೀಲ ಮಂದಾಕಿನಿಯ ಕಣ್ಣಿಗೆ ಬಿತ್ತು.

“ನಿನಗ ಒಬ್ಬಾಕಿಗೇ ಮಗಳಾಗಿದ್ಲೇನು?” ಎಂದು ಕೂಗಿದಳು. “ನನಗ ಅವ್ವ ಅಲ್ಲೇನು? ನನ್ನ ಪಾಲಿಂದೂ ನೀನ ಕೇಳಿ ಮುಗಸಿದಿ!”

ಅಂದಿನಿಂದ ಅಜ್ಜಿ ಮೊಮ್ಮಗಳ ನಡುವೆ ಮಾತು ನಿಂತಿತು. ರುದ್ರಮುನಿ ಇಬ್ಬರ ನಡುವೆ ಕೂತು ಊಟ ಮಾಡಿದ. ಏನಾದರೂ ಹೇಳಬೇಕು ಎಂದು ಅವನಿಗೆ ಗೊತ್ತಿತ್ತು. ಇಬ್ಬರ ತಾಟಿಗೂ ರೊಟ್ಟಿ ಸರಿಸಿದ.

ಹತ್ತನೆಯ ತರಗತಿಯ ಪರೀಕ್ಷೆಗಳು ಶುರುವಾದವು. ಮಂದಾಕಿನಿಯ ಕಾಲೇಜು ಪರೀಕ್ಷಾ ಕೇಂದ್ರವಾದ್ದರಿಂದ ಅವಳಿಗೆ ರಜೆ. ಮಾತಿಲ್ಲದ ಮನೆಯಲ್ಲಿ ಇರಲಾರದೆ ಅವಳು ಆ ಬೆಳಿಗ್ಗೆ ಅಪ್ಪನ ಜೊತೆ ಗುತ್ತಲದ ಕಡೆ ಬಂದಿದ್ದಳು. ಕೆಚ್ಚಲು ಬಾತ ಒಂದು ಎಮ್ಮೆಯನ್ನು ನೋಡಿ ಇಬ್ಬರೂ ವಾಪಸು ಬರುವಾಗ ರಸ್ತೆಯ ಪಕ್ಕ ಒಂದು ಬಸ್ಸು ನಿಂತಿತ್ತು. ಅದರ ಬ್ಯಾಟರಿ ಪೆಟ್ಟಿಗೆಯಿಂದ ಬಿಳಿ ಹೊಗೆ ಏಳುತ್ತಿತ್ತು. ಕೆಳಗೆ ಯೂನಿಫಾರ್ಮಿನ ಹುಡುಗಿಯರು ಪರೀಕ್ಷೆಯ ಪ್ಯಾಡು ಎದೆಗೊತ್ತಿಕೊಂಡು ನಿಂತಿದ್ದರು. ಒಬ್ಬಳು ಆಗಲೇ ಅಳುತ್ತಿದ್ದಳು. ಕಂಡಕ್ಟರ್ ರಸ್ತೆಯ ನಡುವೆ ಬಂದು ಎರಡೂ ಕೈ ಎತ್ತಿದ.

“ಸರ್, ಇವರಿಗೆ ಪರೀಕ್ಷಾ ಐತ್ರಿ. ಇನ್ನೊಂದು ಬಸ್ ಬರಾಕ ತಡ ಆಗತೈತಿ...” ಅಷ್ಟರಲ್ಲಿ ಅವನಿಗೆ ಗುರುತು ಹತ್ತಿತು. “ನೀವು ಕಸ್ತೂರಕ್ಕನ ಮನಿಯವರಲ್ರಿ? ನಾ ಆಕಿ ಕೈಯಾಗ ಕೆಲಸ ಕಲ್ತಾಂವ.”

“ಹತ್ತಸ್ರಿ,” ಎಂದ ರುದ್ರಮುನಿ.

ಹುಡುಗಿಯರು ಬಲಗಡೆ ಬಾಗಿಲಿನಿಂದ ನುಗ್ಗಿದರು. ಹಿಂದಿನ ಸಾಲು ತುಂಬಿತು. ಡಿಕ್ಕಿಯಲ್ಲಿ ಇಬ್ಬರು ಮುದುಡಿ ಕೂತರು. ನಡುಸಾಲಿನಲ್ಲಿ ಹುಡುಗಿಯರು ಒಬ್ಬರ ಮೇಲೊಬ್ಬರು ಕೂತರೂ, ಎಡಗಡೆ ಸೀಟಿನ ಹತ್ತಿರ ಬಂದಾಗ ಎಲ್ಲರೂ ನಿಂತರು. ಅಲ್ಲಿ ಮಂದಾಕಿನಿ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ಕೈ ಅಡ್ಡ ಹಿಡಿದಿದ್ದಳು.

ಕೆಳಗೆ ಇನ್ನೂ ಇಬ್ಬರು ಉಳಿದಿದ್ದರು. ಒಬ್ಬಳು ಅಳುತ್ತಿದ್ದವಳು.

ರುದ್ರಮುನಿ ಮಗಳ ಕಡೆ ನೋಡಿದ. ಮಂದಾಕಿನಿ ಆ ಹುಡುಗಿಯ ಕಡೆ ನೋಡಿದಳು. ಪ್ಯಾಡಿನ ಕ್ಲಿಪ್ಪಿಗೆ ಸಿಕ್ಕಿಸಿದ ಹಾಲ್ ಟಿಕೆಟ್ಟು ಗಾಳಿಗೆ ಪಟಪಟ ಅನ್ನುತ್ತಿತ್ತು. ಅವಳು ಕೈ ತೆಗೆದಳು. ಕೆಳಗಿಳಿದು, ಎಡಗಡೆ ಬಾಗಿಲು ತೆರೆದು, “ಹತ್ತು. ಅಳಬ್ಯಾಡ, ಮುಟ್ಟತೀವಿ,” ಅಂದಳು. ಇನ್ನೊಬ್ಬಳನ್ನು ತನ್ನ ಜೊತೆ ಮುಂದಿನ ಸೀಟಿಗೆ ಒತ್ತಿಕೊಂಡಳು.

ಗಾಡಿ ಹೊರಟಿತು. ಟಕ್ ಟಕ್.

“ಅಂಕಲ್, ಯಾರೋ ಬಡ್ಯಾಕತ್ತಾರ್ರಿ. ಯಾರರ ಹೊರಗ ಉಳದ್ರೇನು?” ಎಂದಳು ಎಡಗಡೆ ಕೂತವಳು.

“ಯಾರೂ ಉಳದಿಲ್ಲ,” ಎಂದಳು ಮಂದಾಕಿನಿ. “ಅದು ನಮ್ಮವ್ವ. ರೈಟ್ ಅಂತ ಹೇಳಾಕತ್ತಾಳ.”

ಹುಡುಗಿಗೆ ಅದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ. ಪ್ರತಿದಿನ ಬಸ್ಸಿನಲ್ಲಿ ಹೋಗುವವಳು. ಪುಸ್ತಕ ತೆರೆದು ಸೂತ್ರಗಳನ್ನು ಬಾಯಲ್ಲೇ ಗುಣುಗುಣಿಸತೊಡಗಿದಳು.

ರೈಲ್ವೆ ಗೇಟು ಬಿದ್ದಿತ್ತು. ಟಕ್. ಗೂಡ್ಸ್ ಗಾಡಿ ಹೋಗಿ ಮುಗಿಯಿತು. ಟಕ್ ಟಕ್. ಊರೊಳಗೆ ಬಂದರೆ ಪರೀಕ್ಷೆಯ ದಿನದ ದಟ್ಟಣೆ, ಗಾಡಿ ಹೆಜ್ಜೆಗೊಮ್ಮೆ ನಿಂತಿತು, ಹೆಜ್ಜೆಗೊಮ್ಮೆ ಹೊರಟಿತು. ಪ್ರತಿ ಸಲವೂ ಸದ್ದು ಹಿಂದಿನದಕ್ಕಿಂತ ತುಸು ಸಣ್ಣ. ಹುಡುಗಿಯರ ಗುಣುಗುಣದ ನಡುವೆ ಅದನ್ನು ಹಿಡಿಯಲು ಮಂದಾಕಿನಿ ಕಣ್ಣು ಮುಚ್ಚಿಕೊಂಡಿದ್ದಳು. ರುದ್ರಮುನಿಯೂ ಕೇಳುತ್ತಿದ್ದ. ಮಾರುಕಟ್ಟೆಯ ತಿರುವಿನಲ್ಲಿ ಒಂದು ಕೇಳಿದ ಹಾಗಾಯಿತು. ಆಮೇಲೆ ಕೇಳಿದ್ದು ನಿಜವೋ ಭ್ರಮೆಯೋ ತಿಳಿಯಲಿಲ್ಲ. ಯಾವುದು ಕೊನೆಯದೆಂದು ಹೇಳಲು ಬರುವಂತಿರಲಿಲ್ಲ.

ಶಾಲೆಯ ಗಂಟೆ ಬಾರಿಸುವ ಮುಂಚೆ ಮುಟ್ಟಿದರು. ಹುಡುಗಿಯರು ದಡಬಡ ಇಳಿದು ಓಡಿದರು. ಎಡಗಡೆ ಕೂತವಳು ಮಾತ್ರ ಅರ್ಧ ದಾರಿಯಿಂದ ತಿರುಗಿ, “ಥ್ಯಾಂಕ್ಸ್ ರಿ ಅಕ್ಕಾ,” ಎಂದು ಕೂಗಿದಳು.

ಶಾಲೆಯ ಗೇಟು ಹಾಕಿದರು. ರಸ್ತೆ ಬರಿದಾಯಿತು. ರುದ್ರಮುನಿ ಇಳಿದು ಹೋಗಿ ಡಿಕ್ಕಿಯಿಂದ ಔಷಧಿಯ ಪೆಟ್ಟಿಗೆ ತಂದು ಎಡಗಡೆ ಸೀಟಿನ ಮೇಲಿಟ್ಟ. ಅವನು ಗಾಡಿ ಬಿಟ್ಟ. ಸ್ವಲ್ಪ ದೂರ ಹೋಗಿ ನಿಲ್ಲಿಸಿದ. ಮತ್ತೆ ಬಿಟ್ಟ.

ಏನೂ ಇಲ್ಲ.

“ಮುಗೀತು,” ಎಂದಳು ಮಂದಾಕಿನಿ, ಕಿಟಕಿಯ ಕಡೆ ತಿರುಗಿಕೊಂಡು.

ಅವನು ಹೂಂ ಅಂದ. ಊರ ಹೊರಗಿನ ರಸ್ತೆಗೆ ಬಂದರು. ಗಾಡಿಯೊಳಗೆ ಈಗ ಎಳ್ಳಷ್ಟೂ ಸದ್ದಿರಲಿಲ್ಲ. ಧಾರವಾಡದ ಆ ಸ್ಪಂಜಿನ ಕೋಣೆಯಲ್ಲಿ ಕೂತ ಹಾಗಿತ್ತು. ಇಷ್ಟು ದಿನ ಅವನಿಗೆ ಹಿತವಾಗಿದ್ದ ಆ ಮೌನ ಅಂದು ಕಿವಿಯೊಳಗೆ ಬೆರಳಿಟ್ಟು ಒತ್ತಿದಂತೆನಿಸಿತು. ಈ ಗಾಡ್ಯಾಗ ಕುಂತ್ರ ನಾ ಇಲ್ಲೇ ಇಲ್ಲ ಅನ್ನಸ್ತೈತಿ ಎಂದಿದ್ದಳಂತೆ ಕಸ್ತೂರಿ. ಅವನು ಕೈ ಚಾಚಿ ನೀರವದ ಗುಂಡಿ ಒತ್ತಿದ.

ಟೈರುಗಳ ಮೊರೆತ ಒಳನುಗ್ಗಿತು. ಗಾಳಿ ನುಗ್ಗಿತು. ಹಿಂದೆ ಬಾಟಲಿಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅಂದವು. ಆ ಎಲ್ಲದರ ನಡುವೆ ಇನ್ನೊಂದು ಸದ್ದು ತೀರ ಹತ್ತಿರದಲ್ಲಿ, ಅವನ ಎಡ ಮೊಣಕೈಯ ಪಕ್ಕದಲ್ಲೇ ಇತ್ತು. ತಡೆತಡೆದು ಎಳೆದುಕೊಳ್ಳುವ ಉಸಿರು. ಮೂಗು ಸುರ್ರೆನ್ನುವುದು. ಗಂಟಲಿನಲ್ಲಿ ಸಿಕ್ಕಿಕೊಂಡು ಮತ್ತೆ ಮತ್ತೆ ಬಿಕ್ಕುವುದು.

ಅವನು ತಿರುಗಿ ನೋಡಿದ. ಮಂದಾಕಿನಿ ಮೊದಲಿನಂತೆಯೇ, ಪ್ರತಿದಿನ ಕೂರುವಂತೆಯೇ, ಹಣೆಯನ್ನು ಗಾಜಿಗೆ ಒತ್ತಿ ಕೂತಿದ್ದಳು. ತನ್ನ ಸದ್ದು ತನಗೇ ಕೇಳಿಸಿ ಬೆಚ್ಚಿಬಿದ್ದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಯಾಕಪ್ಪಾ ಬಂದ್ ಮಾಡಿದಿ? ಹಚ್ಚು ಅದನ್ನ.”

“ಎಷ್ಟು ದಿನದಿಂದ ಹಿಂಗ?”

ಅವನು ಗಾಡಿಯನ್ನು ಬದಿಗೆ ತಂದು ನಿಲ್ಲಿಸಿದ.

“ದಿನಾ,” ಎಂದಳು ಕೊನೆಗೆ. “ಮನ್ಯಾಗ ಅತ್ರ ಅಜ್ಜಿಗೆ ಕೇಳತೈತಿ, ಆಕಿನೂ ಚಾಲೂ ಮಾಡ್ತಾಳ. ಕಾಲೇಜಿನ್ಯಾಗ ಎಲ್ಲಾರೂ ನೋಡ್ತಾರ. ಮೊದಲ ಮೊದಲ ಇಲ್ಲಿ ಒಂಚೂರು ಕೇಳಸ್ತಿತ್ತು. ಆಮ್ಯಾಲ ನೀರವ ನುಂಗಾಕತ್ತು. ಅದಕ್ಕ ಇಲ್ಲೇ ಅಳ್ತಿದ್ದೆ. ಕಾಲೇಜ್ ಮುಟ್ಟೂತನಕ.”

“ನಾ ಬಾಜೂಕ ಇದ್ದೆನಲ್ಲ.”

“ನೀ ರಸ್ತಾ ನೋಡ್ತಿದ್ದಿ.”

ಒಂದು ಲಾರಿ ಪಕ್ಕದಲ್ಲಿ ಹಾದುಹೋಯಿತು. ಇಡೀ ಗಾಡಿ ನಡುಗಿತು. ರುದ್ರಮುನಿಗೆ ಆಗಲೂ ಅಳು ಬರಲಿಲ್ಲ. ಎದೆಯೊಳಗೆ ಕೈಯಿಟ್ಟು ತಡಕಿದವನಂತೆ ಅವನು ಹುಡುಕಿದ, ಅಲ್ಲಿ ಇನ್ನೂ ಅದೇ ಮರಗಟ್ಟಿದ ಜಾಗವಿತ್ತು. ಆದರೆ ಮಗಳ ಬೆನ್ನಿನ ಮೇಲೆ ಕೈಯಿಟ್ಟಾಗ ಅದು ಬಿಕ್ಕಿದಾಗಲೆಲ್ಲ ಏಳುವುದು ಬೀಳುವುದು ಅಂಗೈಗೆ ತಿಳಿಯಿತು. ಅವನು ಕೈ ತೆಗೆಯಲಿಲ್ಲ.

“ಹಚ್ಚಲೇನು ಮತ್ತ?” ಎಂದು ಕೇಳಿದ.

ಅವಳು ಬೇಡವೆಂದು ತಲೆಯಾಡಿಸಿದಳು.

ಅವನು ಗಾಡಿಯನ್ನು ಮತ್ತೆ ರಸ್ತೆಗೆ ತಂದ. ಮನೆ ಮುಟ್ಟುವವರೆಗೂ ಅವಳು ಅತ್ತಳು, ಮುಚ್ಚಿಕೊಳ್ಳದೆ, ಜೋರಾಗಿ. ದಾರಿಯುದ್ದಕ್ಕೂ ಅವನು ಅದನ್ನು ಕೇಳುತ್ತ ನಿಧಾನವಾಗಿ ಓಡಿಸಿದ.